ಗಾಜಿನ ಕೋಣೆಯಲ್ಲಿ ಗರಿಕೆ ಉಳಿದೀತೆ?

ಪರಿಸರಸ್ನೇಹಿ ಮನೆಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಈ ಬಾರಿ ಹೆಚ್ಚಿನವು ಒಂದೇ ವಿಷಯಕ್ಕೆ ಸೇರಿದವು: ಮನೆಗೆ ಅಂಟಿಕೊಂಡ ಹಸಿರುಮನೆಯ ನೆಲದಲ್ಲಿ ನಿಜವಾದ ಹುಲ್ಲುಹಾಸನ್ನು ಬೆಳೆಸುವುದು ಹೇಗೆ? ಮೊದಲ ಪತ್ರಕ್ಕೆ ತುಸು ದೀರ್ಘವಾಗಿಯೇ ಉತ್ತರಿಸಿದ್ದೇನೆ. ಉಳಿದ ಪ್ರಶ್ನೆಗಳ ಬೇರು ಅಲ್ಲಿಯೇ ಇದೆ.

ಪ್ರಶ್ನೆ: ನಮ್ಮ ಹೊಸ ಮನೆಯ ಬಿಸಿಲು ಬೀಳುವ ಬದಿಗೆ ಸುಮಾರು 18 ಚದರ ಮೀಟರ್ ವಿಸ್ತೀರ್ಣದ ಹಸಿರುಮನೆಯಿದೆ. ಮುಂಭಾಗಕ್ಕೆ ನೆಲದಿಂದ ಮೇಲಿನವರೆಗೂ ಜೋಡಿಗಾಜು, ತಲೆಯ ಮೇಲೆ ಮಾಮೂಲಿ ಛಾವಣಿ, ಹಿಂಬದಿಗೆ ದಪ್ಪನೆಯ ಮಣ್ಣಿನ ಗೋಡೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರಬೇಕಾದರೆ ಇಲ್ಲಿ ಕಪ್ಪು ಕಲ್ಲಿನ ನೆಲವೇ ಇರಬೇಕೆಂದು ವಿನ್ಯಾಸಕಾರರು ಹೇಳಿದ್ದಾರೆ. ನಮಗಾದರೋ ಇಡೀ ನೆಲಕ್ಕೆ ಗರಿಕೆಯ ಹಾಸು ಹಾಕಿ, ಬೆಳಗಿನ ಹೊತ್ತು ಬರಿಗಾಲಿನಲ್ಲಿ ಓಡಾಡಬೇಕೆಂಬ ಆಸೆ. ಇದು ಸಾಧ್ಯವೆ?

ಉತ್ತರ: ಇಡೀ ನೆಲಕ್ಕೆ ಬೇಡ. ಗಾಜಿಗೆ ಹತ್ತಿರದ ಮೂರು ಚದರ ಮೀಟರಿನಷ್ಟು ಜಾಗದಲ್ಲಿ, ಅದೂ ಎತ್ತಿ ಹೊರಗಿಡಲು ಬರುವಂಥ ಟ್ರೇಗಳಲ್ಲಿ, ಧಾರಾಳವಾಗಿ ಬೆಳೆಸಿಕೊಳ್ಳಬಹುದು. ವಿನ್ಯಾಸಕಾರರ ಮಾತನ್ನು ಮೀರಬೇಡಿ ಎನ್ನುವುದಕ್ಕೆ ನನ್ನ ಬಳಿ ಎರಡು ಕಾರಣಗಳಿವೆ. ಒಂದು ಹುಲ್ಲಿನ ಪರವಾದದ್ದು, ಇನ್ನೊಂದು ಮನೆಯ ಪರವಾದದ್ದು.

ಹುಲ್ಲಿನ ಮಾತು ಮೊದಲು. ಗಾಜಿನ ಕೋಣೆಯಲ್ಲಿ ನಿಂತಾಗ ಬೆಳಕು ಕಣ್ಣು ಕೋರೈಸುವಷ್ಟಿದೆ ಎಂದು ನಮಗೆ ಅನಿಸುವುದು ಸಹಜ, ಆದರೆ ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ಬೆಳಕು ಕಡಿಮೆಯಾದಂತೆ ಪಾಪೆ ಹಿಗ್ಗಿ, ಅಕ್ಷಿಪಟಲ ಹೊಂದಿಕೊಂಡು, ಹತ್ತು ಪಾಲು ಕುಸಿತವನ್ನೂ ಅದು ನಮಗೆ ಅರಿವಾಗದಂತೆ ಮುಚ್ಚಿಬಿಡುತ್ತದೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಇದ್ದರೆ, ಬೆಳಕು ಚೆನ್ನಾಗಿದೆಯೆಂದು ನಾವು ಮೆಚ್ಚುವ ಕಚೇರಿಯ ಮೇಜಿನ ಮೇಲೆ ಇರುವುದು 300ರಿಂದ 500 ಲಕ್ಸ್ ಮಾತ್ರ. ಎಲೆಗೆ ಇಂಥ ಹೊಂದಾಣಿಕೆ ಇಲ್ಲ. ಅದು ದಿನವಿಡೀ ತನ್ನ ಮೇಲೆ ಬಿದ್ದ ಬೆಳಕನ್ನು ಲೆಕ್ಕವಿಟ್ಟು, ಅಷ್ಟಕ್ಕೆ ತಕ್ಕ ಸಕ್ಕರೆಯನ್ನಷ್ಟೇ ತಯಾರಿಸುತ್ತದೆ. ಅಂಗಳದ ಹುಲ್ಲಿನ ಮೇಲೆ ಒಂದು ಹಲಗೆಯನ್ನು ಮರೆತು ನಾಲ್ಕೈದು ದಿನ ಬಿಟ್ಟು ಎತ್ತಿ ನೋಡಿದವರಿಗೆ ಈ ಲೆಕ್ಕದ ಬಿಗಿ ಗೊತ್ತಿರುತ್ತದೆ.

ಜೋಡಿಗಾಜು ತನ್ನ ಮೇಲೆ ನೇರವಾಗಿ ಬಿದ್ದ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಒಳಗೆ ಬಿಡುತ್ತದೆ. ಶಾಖ ತಡೆಯುವ ಲೇಪನವಿದ್ದರೆ 70ರ ಆಸುಪಾಸು. ಇದು ದೊಡ್ಡ ನಷ್ಟವಲ್ಲ. ನಿಜವಾದ ನಷ್ಟವಿರುವುದು ತಲೆಯ ಮೇಲಿನ ಛಾವಣಿಯಿಂದ. ಬಯಲಿನಲ್ಲಿರುವ ಗರಿಕೆಗೆ ಇಡೀ ಆಕಾಶ ಕಾಣುತ್ತದೆ. ನಿಮ್ಮ ಗಾಜಿನ ಬುಡದಲ್ಲಿರುವ ಗರಿಕೆಗೆ ಹೆಚ್ಚೆಂದರೆ ಅರ್ಧ ಆಕಾಶ, ಎರಡು ಮೀಟರ್ ಒಳಗಿರುವುದಕ್ಕೆ ಅದಕ್ಕಿಂತಲೂ ಬಹಳ ಸಣ್ಣದೊಂದು ತುಂಡು ಕಾಣುತ್ತದೆ. ಅದಲ್ಲದೆ ಬಿಸಿಲನ್ನು ಹಿಡಿದಿಡುವ ಮನೆಗಳ ಮುಂಚಾಚಿದ ಸೂರನ್ನು ಅಳತೆ ಹಾಕಿ ಇಟ್ಟಿರುತ್ತಾರೆ: ಚಳಿಗಾಲದ ತಗ್ಗಿನ ಸೂರ್ಯ ಒಳಗೆ ಬರಬೇಕು, ಬೇಸಿಗೆಯ ಎತ್ತರದ ಸೂರ್ಯ ಬರಬಾರದು. ಮನೆಗೆ ಇದು ಜಾಣತನ. ಹುಲ್ಲಿಗೆ ಇದರಷ್ಟು ವಿಪರೀತವಾದ ಏರ್ಪಾಡು ಮತ್ತೊಂದಿಲ್ಲ. ಬೇಸಿಗೆಯಲ್ಲಿ ಕೋಣೆಯ ಉಷ್ಣತೆ ಏರಿರುತ್ತದೆ, ಉಷ್ಣತೆ 10 ಡಿಗ್ರಿ ಏರಿದರೆ ಸಸ್ಯದ ಉಸಿರಾಟದ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಸರಿಯಾಗಿ ಅದೇ ತಿಂಗಳುಗಳಲ್ಲಿ ಸೂರು ನೆರಳು ಚೆಲ್ಲಿ ಗಳಿಕೆಯನ್ನು ಕತ್ತರಿಸುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರ ಎಷ್ಟು ದಿನ ನಡೆದೀತು? ಹುಲ್ಲು ಮೊದಲು ಬೇರಿನಲ್ಲಿ ಕೂಡಿಟ್ಟದ್ದನ್ನು ತಿಂದು ಮುಗಿಸುತ್ತದೆ, ಆಮೇಲೆ ಉದ್ದವಾಗಿ, ತೆಳುವಾಗಿ, ಬಿಳಿಚಿಕೊಂಡು ಗಾಜಿನ ಕಡೆಗೆ ವಾಲುತ್ತದೆ.

ಅಳೆದು ನೋಡುವುದು ಕಷ್ಟವಲ್ಲ. ಹುಲ್ಲು ಹಾಕಬೇಕೆಂದಿರುವ ಜಾಗದ ನೆಲದ ಮಟ್ಟದಲ್ಲಿ ಲಕ್ಸ್ ಮಾಪಕವನ್ನಿಟ್ಟು, ಸೂರ್ಯೋದಯದಿಂದ ಗಂಟೆಗೊಮ್ಮೆಯಂತೆ 12 ಗಂಟೆಗಳ ಕಾಲ ಓದಿ, ಸರಾಸರಿ ತೆಗೆಯಿರಿ. ಮೊಬೈಲಿನ ಆ್ಯಪ್ ಅಂದಾಜಿಗೆ ಮಾತ್ರ ಸರಿ. ಸಸ್ಯಗಳಿಗೆ ಒಂದು ದಿನದಲ್ಲಿ ದಕ್ಕುವ ಬೆಳಕನ್ನು ತೋಟಗಾರಿಕೆಯವರು ಚದರ ಮೀಟರಿಗೆ ಇಷ್ಟು ಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಮಾನ) ಎಂದು ಎಣಿಸುತ್ತಾರೆ. ಸೂರ್ಯನ ಬೆಳಕಿನಲ್ಲಿ 1,000 ಲಕ್ಸ್ ಸರಾಸರಿ 12 ಗಂಟೆ ಸಿಕ್ಕಿದರೆ ಅದು ಸುಮಾರು 0.8 ಮೋಲ್. ಬಯಲಿನಲ್ಲಿ ಬೇಸಿಗೆಯ ಶುಭ್ರ ದಿನದಂದು 40ರಿಂದ 60 ಮೋಲ್ ಸಿಗುತ್ತದೆ. ಗರಿಕೆಯ ಜಾತಿಯ ಹುಲ್ಲುಗಳು 20 ಮೋಲ್‌ಗಿಂತ ಕೆಳಗೆ ಒತ್ತಾಗಿ ಉಳಿಯಲಾರವು. ನೆರಳನ್ನು ತಾಳುವ ಕೆಲವು ತಳಿಗಳಿಗೆ 10 ಮೋಲ್ ಆಸುಪಾಸು ಸಾಕು, ಅಂದರೆ ಸರಾಸರಿ 12,000–13,000 ಲಕ್ಸ್. ಈ ಲೆಕ್ಕವನ್ನು ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿ ನೋಡದೆ ಒಂದು ಬುಟ್ಟಿ ಮಣ್ಣನ್ನೂ ಒಳಗೆ ತರಬೇಡಿ.

ಸೂರಿನ ಕೆಳಗೆ ಹುಲ್ಲು ಬೆಳೆಸಲು ಹೋಗಿ ಕೈಸುಟ್ಟುಕೊಂಡವರಲ್ಲಿ ನಿಮಗಿಂತ ಬಹಳ ದೊಡ್ಡವರಿದ್ದಾರೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ತೆರೆದ ಆಸ್ಟ್ರೊಡೋಮ್ ಕ್ರೀಡಾಂಗಣದ ಗುಮ್ಮಟಕ್ಕೆ ಬೆಳಕು ಹಾಯುವ ಪ್ಲಾಸ್ಟಿಕ್ ಫಲಕಗಳನ್ನು ಕೂರಿಸಿ, ಕೆಳಗೆ ಗರಿಕೆಯದೇ ಒಂದು ಮಿಶ್ರತಳಿಯನ್ನು ಬೆಳೆಸಿದ್ದರು. ಫಲಕಗಳ ಝಳಪಿಗೆ ಆಟಗಾರರಿಗೆ ಮೇಲೆದ್ದ ಚೆಂಡು ಕಾಣದೆ ಹೋದಾಗ ಫಲಕಗಳಿಗೆ ಬಣ್ಣ ಬಳಿದರು, ಹುಲ್ಲು ಸತ್ತಿತು, ಸತ್ತ ಹುಲ್ಲಿಗೆ ಹಸಿರು ಬಣ್ಣ ಹೊಡೆದು ಆಟ ಮುಂದುವರಿಸಿದರು, ಮರುವರ್ಷ ಪ್ಲಾಸ್ಟಿಕ್ ಹುಲ್ಲು ಬಂದಿತು. ಆ ಬಳಿಕದವರು ಹುಲ್ಲನ್ನು ಒಳಗೆ ಬೆಳೆಸುವ ಹಟ ಬಿಟ್ಟು, ಹೊರಗೆ ಬೆಳೆಸಿ ಒಳಗೆ ತರುವ ದಾರಿ ಹಿಡಿದರು. 1994ರ ವಿಶ್ವಕಪ್ ಫುಟ್‌ಬಾಲಿಗೆ ಅಮೆರಿಕದ ಪಾಂಟಿಯಾಕಿನ ಮುಚ್ಚಿದ ಕ್ರೀಡಾಂಗಣಕ್ಕೆ ಆರು ಮೂಲೆಯ ಟ್ರೇಗಳಲ್ಲಿ ಹೊರಗೆ ಬೆಳೆಸಿದ ಹುಲ್ಲನ್ನು ತಂದು ಜೋಡಿಸಿದರು. ಜಪಾನಿನ ಸಪ್ಪೊರೊದಲ್ಲಿ 2001ರಿಂದ, ಅರಿಜೋನಾದ ಗ್ಲೆಂಡೇಲಿನಲ್ಲಿ 2006ರಿಂದ ಇಡೀ ಮೈದಾನವೇ ಬಿಸಿಲಿಗೆ ಹೋಗಿ ಆಟದ ಹೊತ್ತಿಗೆ ಒಳಗೆ ಬರುತ್ತದೆ. ಶಾಶ್ವತ ಛಾವಣಿಯ ಕೆಳಗೇ ಹುಲ್ಲನ್ನು ಉಳಿಸಿಕೊಂಡ ಉದಾಹರಣೆಯೂ ಒಂದಿದೆ: ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 2011ರಲ್ಲಿ ತೆರೆದ ಕ್ರೀಡಾಂಗಣ. ಆದರೆ ಅಲ್ಲಿ ಛಾವಣಿಯೇ ಪಾರದರ್ಶಕ ಹಾಳೆಯದು, ಆಕಾಶವನ್ನು ಮರೆಮಾಡಿಲ್ಲ. ನಿಮ್ಮ ಛಾವಣಿ ಮಾಮೂಲಿಯದಾದ್ದರಿಂದ ನಿಮಗೆ ಒಗ್ಗುವುದು ಟ್ರೇಗಳ ಪಾಠ.

ಇನ್ನು ಮನೆಯ ಪರವಾದ ಮಾತು. ಕಪ್ಪು ಕಲ್ಲಿನ ನೆಲ ಅಂದಕ್ಕೆಂದು ಇರುವುದಲ್ಲ. ಹಗಲಿನ ಬಿಸಿಲನ್ನು ಹೀರಿ ರಾತ್ರಿ ಮನೆಗೆ ಹಿಂದಿರುಗಿಸುವ ಭಂಡಾರ ಅದು. ಅದರ ಮೇಲೆ ಹುಲ್ಲು ಹಾಸಿದರೆ ಬಿಸಿಲು ಕಲ್ಲನ್ನು ತಲುಪುವುದಿಲ್ಲ. ತನ್ನ ಮೇಲೆ ಬಿದ್ದ ಬಿಸಿಲಿನ ದೊಡ್ಡ ಪಾಲನ್ನು ಹುಲ್ಲು ನೀರನ್ನು ಆವಿಯಾಗಿಸಲು ಬಳಸಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. ನಿಮ್ಮ 18 ಚದರ ಮೀಟರ್ ಹುಲ್ಲು ಚಳಿಗಾಲದಲ್ಲಿ ದಿನಕ್ಕೆ 1 ಮಿಲಿಮೀಟರಿನಷ್ಟೇ ನೀರನ್ನು ಬಿಟ್ಟರೂ ಅದು 18 ಲೀಟರ್, ಅಂದರೆ ದಿನಕ್ಕೆ 12 ಯೂನಿಟ್‌ನಷ್ಟು ಶಾಖ ಮನೆಯ ಕೈತಪ್ಪಿದಂತೆ. ಆ ಆವಿ ರಾತ್ರಿ ತಣ್ಣನೆಯ ಗಾಜಿನ ಮೇಲೆ ಹನಿಯಾಗಿ ಕೂರುವಾಗ ಶಾಖವನ್ನು ಮರಳಿ ಬಿಡುವುದೇನೋ ನಿಜ, ಆದರೆ ಅದರ ದೊಡ್ಡ ಪಾಲು ಗಾಜಿನ ಮೂಲಕ ಹೊರಗೆ ಹೋಗುತ್ತದೆ. ಉಳಿಯುವುದು ಒದ್ದೆ ಚೌಕಟ್ಟು ಮತ್ತು ಮಣ್ಣಿನ ಗೋಡೆಗೆ ಹತ್ತುವ ತೇವ. ಮೂರು ಚದರ ಮೀಟರಿಗೆ ಇದೇ ಲೆಕ್ಕ ಹಾಕಿದರೆ 3 ಲೀಟರ್, 2 ಯೂನಿಟ್. ಬರಿಗಾಲಿನ ಸುಖಕ್ಕೆ ಅಷ್ಟು ತೆರಿಗೆ ಕೊಡಬಹುದು.

ಪ್ರಶ್ನೆ: ಹಸಿರುಮನೆಯಲ್ಲಿ ಹುಲ್ಲಿಗೆ ಎಷ್ಟು ಆಳದ ಮಣ್ಣು ಬೇಕು? ಕೆಳಗೆ ಜಲ್ಲಿ ಹಾಕಲೇಬೇಕೆ? ನೆಲಕ್ಕೆ ಭಾರವಾಗುವುದಿಲ್ಲವೆ?

ಉತ್ತರ: ಭಾರದಿಂದಲೇ ಆರಂಭಿಸೋಣ, ಏಕೆಂದರೆ ಅದನ್ನು ಕೊನೆಯಲ್ಲಿ ಯೋಚಿಸುವವರೇ ಹೆಚ್ಚು. ನೀರು ಕುಡಿದ ಮರಳುಮಿಶ್ರಿತ ಮಣ್ಣು 15 ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 250ರಿಂದ 300 ಕಿಲೋ ತೂಗುತ್ತದೆ. ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ 150ರಿಂದ 200 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟುವುದು ಹಲವೆಡೆ ರೂಢಿ. ಹಸಿರುಮನೆಯ ನೆಲ ನೇರವಾಗಿ ಭೂಮಿಯ ಮೇಲೆ ಕೂತಿದ್ದರೆ ಚಿಂತೆಯಿಲ್ಲ; ಕೆಳಗೆ ನೆಲಮಾಳಿಗೆಯೋ ಇನ್ನೊಂದು ಕೋಣೆಯೋ ಇದ್ದರೆ ಎಂಜಿನಿಯರರ ಲೆಕ್ಕವಿಲ್ಲದೆ ಮುಟ್ಟಬೇಡಿ.

ಜಲ್ಲಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಕೆಳಗೆ ಜಲ್ಲಿ ಹಾಕಿದರೆ ಮೇಲಿನ ಮಣ್ಣು ಬೇಗ ಒಣಗುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಆಗುವುದು ಇದಕ್ಕೆ ತದ್ವಿರುದ್ಧ. ನುಣುಪಾದ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ, ಜಲ್ಲಿಯ ದೊಡ್ಡ ಸಂದುಗಳಿಗೆ ಆ ಹಿಡಿತವಿಲ್ಲ, ಹೀಗಾಗಿ ಮಣ್ಣಿನ ತಳ ಪೂರ್ತಿ ತೊಯ್ದು ತೊಟ್ಟಿಕ್ಕುವವರೆಗೂ ನೀರು ಜಲ್ಲಿಗೆ ಇಳಿಯದೆ ಗಡಿಯಲ್ಲೇ ನಿಂತಿರುತ್ತದೆ. ಗಾಲ್ಫ್ ಮೈದಾನದವರು ಈ ಗುಣವನ್ನು ಬೇಕೆಂದೇ ಬಳಸುತ್ತಾರೆ: 30 ಸೆಂಟಿಮೀಟರ್ ಮರಳು, ಅದರ ಕೆಳಗೆ 10 ಸೆಂಟಿಮೀಟರ್ ಜಲ್ಲಿ, ಆಳ ಸಾಕಷ್ಟಿರುವುದರಿಂದ ತಳದ ತೇವ ಬೇರಿಗೆ ನೀರಿನ ದಾಸ್ತಾನಾಗುತ್ತದೆ, ಮೇಲ್ಭಾಗ ಉಸಿರಾಡುತ್ತದೆ. ನಿಮ್ಮ 8–10 ಸೆಂಟಿಮೀಟರ್ ಟ್ರೇಯಲ್ಲಿ ಅದೇ ಪದ್ಧತಿ ಅನುಸರಿಸಿದರೆ ಬೇರಿಗೆ ಉಸಿರಾಡಲು ಒಣ ಜಾಗವೇ ಉಳಿಯುವುದಿಲ್ಲ. ಟ್ರೇಗೆ ಜಲ್ಲಿ ಬೇಡ. ತಳಕ್ಕೆ ಒತ್ತಾಗಿ ರಂಧ್ರಗಳು, ಅದರ ಮೇಲೆ ಮಣ್ಣು ಸೋರದಂತೆ ಒಂದು ಪದರ ಬಟ್ಟೆ, ಆಮೇಲೆ ದಪ್ಪ ಮರಳು, ತೆಂಗಿನ ನಾರಿನ ಪುಡಿ, ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಖನಿಜದ ಹರಳು) ಮತ್ತು ಸ್ವಲ್ಪ ಎರೆಗೊಬ್ಬರ ಸೇರಿದ ಹಗುರ ಮಿಶ್ರಣ. ಅರ್ಧ ಮೀಟರ್ ಚೌಕದ, 8 ಸೆಂಟಿಮೀಟರ್ ಆಳದ ಟ್ರೇ ಹೀಗೆ ತುಂಬಿದಾಗ ಒದ್ದೆಯಾಗಿ 20–25 ಕಿಲೋ ತೂಗುತ್ತದೆ; ಗಾಲಿಗಳಿರುವ ಮಣೆಯ ಮೇಲಿಟ್ಟರೆ ಒಬ್ಬರೇ ತಳ್ಳಿಕೊಂಡು ಹೋಗಬಹುದು. ಟ್ರೇಗಳ ಕೆಳಗೆ ಸೋರಿದ ನೀರನ್ನು ಹಿಡಿಯುವ, ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರಿರುವ ತಟ್ಟೆಯನ್ನಿಟ್ಟು, ಅದರ ನೀರು ಒಂದು ಪಾತ್ರೆಗೆ ಬೀಳುವಂತೆ ಮಾಡಿ.

ಮೂರು ಚದರ ಮೀಟರಿಗೆ 12 ಟ್ರೇಗಳು ಬೇಕು. ಅಂಥ ಎರಡು ಜೊತೆಗಳಿದ್ದರೆ ಒಂದು ಒಳಗೆ, ಒಂದು ಹೊರಗೆ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಅದಲು ಬದಲು. ಒಳಗಿನಿಂದ ಹೊರಗೆ ಹೋದ ಹುಲ್ಲನ್ನು ಮೊದಲ ಎರಡು ಮೂರು ದಿನ ಅರೆನೆರಳಿನಲ್ಲಿಡಿ, ಏಕೆಂದರೆ ನೆರಳಿನಲ್ಲಿ ಮೂಡಿದ ಎಲೆ ತೆಳುವಾಗಿದ್ದು ಸುಡುಬಿಸಿಲಿಗೆ ಒಮ್ಮೆಲೇ ಕಂದಿಹೋಗುತ್ತದೆ.

ಇನ್ನೊಂದು ಎಚ್ಚರಿಕೆ, ಇದು ನೆಲದಲ್ಲೇ ಪಾತಿ ಮಾಡಬೇಕೆಂದಿರುವವರಿಗೆ. ಪರಿಸರಸ್ನೇಹಿ ಮನೆಗಳ ಗೋಡೆ ಸಾಮಾನ್ಯವಾಗಿ ಮಣ್ಣು, ಮರ ಇಲ್ಲವೇ ಹುಲ್ಲಿನ ಪಿಂಡಿಯದು. ಇವುಗಳಿಗೆ ಒದ್ದೆ ಮಣ್ಣು ತಾಗಬಾರದು. ಪಾತಿಗೂ ಗೋಡೆಗೂ ನಡುವೆ ಒಂದು ಗೇಣು ಒಣ ಅಂತರ ಬಿಟ್ಟು, ಪಾತಿಯ ಮೇಲ್ಮಟ್ಟ ಗೋಡೆಯ ತೇವತಡೆ ಪದರಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಬಚ್ಚಲಿನ ಮತ್ತು ಬಟ್ಟೆ ಒಗೆದ ನೀರನ್ನು ಹಸಿರುಮನೆಗೆ ತಿರುಗಿಸಿದ್ದೇವೆ. ಅದನ್ನೇ ಒಳಗಿನ ಹುಲ್ಲಿಗೆ ಸಿಂಪಡಿಸಬಹುದೆ?

ಉತ್ತರ: ಬೇಡ. ನೀವು ಬರಿಗಾಲಿನಲ್ಲಿ ನಡೆಯುವ, ಮಕ್ಕಳು ಹೊರಳಾಡುವ ಜಾಗದ ಮೇಲೆ, ಅದೂ ಗಾಳಿಯ ಓಡಾಟ ಕಡಿಮೆಯಿರುವ ಕೋಣೆಯಲ್ಲಿ, ಮೈ ತೊಳೆದ ನೀರನ್ನು ಹನಿಹನಿಯಾಗಿ ತೂರುವುದು ರೋಗಾಣುಗಳಿಗೆ ದಾರಿ ತೆರೆದಂತೆ. ಸಾಬೂನು ಪುಡಿಯಲ್ಲಿರುವ ಸೋಡಿಯಂ ಮಣ್ಣಿನ ಕಣಗಳ ಬಂಧವನ್ನು ಸಡಿಲಿಸಿ, ನೀರಿಂಗದ ಗಟ್ಟಿ ಪದರವನ್ನಾಗಿ ಮಾಡುತ್ತದೆ. ಹೊರಗಿನ ತೋಟದಲ್ಲಾದರೆ ಮಳೆ ಅದನ್ನು ಕೊಚ್ಚಿ ಕೆಳಗಿಳಿಸುತ್ತದೆ. ಒಳಗೆ ಮಳೆಯಿಲ್ಲ, ಉಪ್ಪು ಕೂಡುತ್ತಲೇ ಹೋಗುತ್ತದೆ.

ಹಾಗೆಂದು ಆ ನೀರನ್ನು ವ್ಯರ್ಥ ಮಾಡಬೇಕಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಾಸ್ತುಶಿಲ್ಪಿ ಮೈಕೆಲ್ ರೆನಾಲ್ಡ್ಸ್ 1970ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಅರ್ತ್‌ಶಿಪ್ ಮಾದರಿಯ ಮನೆಗಳಲ್ಲಿ, ಗಾಜಿನ ಉದ್ದಕ್ಕೂ ನೀರು ಸೋರದ ಅಸ್ತರಿಯ ಆಳವಾದ ಪಾತಿಯೊಂದಿರುತ್ತದೆ. ಬಳಸಿದ ನೀರು ಜಲ್ಲಿ, ಮರಳು, ಮಣ್ಣುಗಳ ಒಳಗೇ ಹರಿದು, ದೊಡ್ಡ ಎಲೆಯ ಗಿಡಗಳ ಬೇರುಗಳನ್ನು ದಾಟಿ, ಕೊನೆಯಲ್ಲಿ ಶೌಚಾಲಯದ ತೊಟ್ಟಿಗೆ ಸೇರುತ್ತದೆ. ನೀರು ಎಲ್ಲಿಯೂ ಮೇಲ್ಮೈಗೆ ಬಾರದಿರುವುದೇ ಆ ವ್ಯವಸ್ಥೆಯ ಗುಟ್ಟು. ನಿಮ್ಮ ನೀರನ್ನೂ ಅಂಥ ಪಾತಿಗೆ ಬಿಡಿ. ಪಾತ್ರೆ ತೊಳೆದ ಜಿಡ್ಡಿನ ನೀರನ್ನು ಅದಕ್ಕೂ ಸೇರಿಸಬೇಡಿ. ಯಾವ ನೀರನ್ನೂ 24 ಗಂಟೆಗಿಂತ ಹೆಚ್ಚು ಕೂಡಿಡಬೇಡಿ, ನಾತ ಹಿಡಿಯುತ್ತದೆ. ಹುಲ್ಲಿಗೆ ಛಾವಣಿಯಿಂದ ಹಿಡಿದ ಮಳೆನೀರು ಸಾಕು. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಗಾಳಿಯೂ ಬೆಳಕೂ ಕಡಿಮೆಯಿರುವ ಒಳಾಂಗಣದಲ್ಲಿ ಹುಲ್ಲು ಹೊರಗಿನದಕ್ಕಿಂತ ಕಡಿಮೆಯೇ ಕುಡಿಯುತ್ತದೆ.

ಪ್ರಶ್ನೆ: ಹಸಿರುಮನೆಯಲ್ಲಿ ಹುಲ್ಲು ಹಾಕಿಸಿ ನಾಲ್ಕು ತಿಂಗಳಾಯಿತು. ಮೊದಲ ತಿಂಗಳು ಸೊಗಸಾಗಿತ್ತು. ಈಗ ಬುಡ ಹಳದಿಯಾಗಿದೆ, ಎಲೆಗಳ ಮೇಲೆ ಬಿಳಿಯ ಪುಡಿ ಕೂತಿದೆ, ನಡುನಡುವೆ ಜಾರುವ ಹಸಿರು ಪಾಚಿ ಬಂದಿದೆ, ಸಂಜೆಯಾದರೆ ಕಪ್ಪು ನುಸಿಗಳು ಏಳುತ್ತವೆ. ಯೂರಿಯಾ ಎರಡು ಸಲ ಹಾಕಿದೆವು, ದಿನಾ ಸಂಜೆ ನೀರು ಕೊಡುತ್ತಿದ್ದೇವೆ. ಆದರೂ ಕೆಡುತ್ತಲೇ ಇದೆ.

ಉತ್ತರ: ನೀವು ಬರೆದ ಕೊನೆಯ ಸಾಲಿನಲ್ಲೇ ರೋಗದ ಅರ್ಧ ಕಾರಣವಿದೆ. ಬೆಳಕಿಲ್ಲದೆ ಬಳಲಿದ ಹುಲ್ಲಿಗೆ ಯೂರಿಯಾ ಕೊಡುವುದೆಂದರೆ, ಉಪವಾಸವಿದ್ದವನನ್ನು ಓಡಿಸಿದಂತೆ. ಸಾರಜನಕ ಎಲೆಯನ್ನು ಉದ್ದಕ್ಕೆ ಎಳೆಯುತ್ತದೆ, ಅದಕ್ಕೆ ಬೇಕಾದ ಸಕ್ಕರೆಯನ್ನು ಹುಲ್ಲು ಬೇರಿನಿಂದ ಕಿತ್ತು ತರಬೇಕಾಗುತ್ತದೆ. ಮೊದಲ ತಿಂಗಳು ಸೊಗಸಾಗಿದ್ದುದಕ್ಕೂ ಇದೇ ಕಾರಣ: ನರ್ಸರಿಯ ಬಿಸಿಲಿನಲ್ಲಿ ಕೂಡಿಟ್ಟ ಗಂಟನ್ನು ಅದು ಆಗ ಕರಗಿಸುತ್ತಿತ್ತು. ಒಳಾಂಗಣದಲ್ಲಿ ಹೊಸ ಹುಲ್ಲಿನ ಮೊದಲ ತಿಂಗಳನ್ನು ನೋಡಿ ಯಾರೂ ತೀರ್ಪು ಕೊಡಬಾರದು.

ಗೊಬ್ಬರವನ್ನು ಪೂರ್ತಿ ನಿಲ್ಲಿಸಿ. ಸಂಜೆಯ ನೀರನ್ನೂ ನಿಲ್ಲಿಸಿ. ರಾತ್ರಿಯಿಡೀ ಒದ್ದೆಯಾಗಿರುವ ಎಲೆಯ ಮೇಲೆ ಬಹುತೇಕ ಶಿಲೀಂಧ್ರಗಳು ನಿಶ್ಚಿಂತೆಯಿಂದ ಮೊಳೆಯುತ್ತವೆ. ಬೆರಳನ್ನು ಎರಡು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಒಣಗಿದೆ ಎನಿಸಿದ ದಿನ ಬೆಳಗ್ಗೆ ಮಾತ್ರ ನೀರುಣಿಸಿ. ನುಸಿಗಳ ಮರಿಗಳು ಬದುಕುವುದು ಮೇಲ್ಮೈಯ ಒದ್ದೆ ಕಸದಲ್ಲಿ. ಆ ಪದರ ಆಗಾಗ ಒಣಗಿದರೆ ಅವು ತಾವಾಗಿಯೇ ತಗ್ಗುತ್ತವೆ. ಹಾರುವವನ್ನು ಹಳದಿ ಅಂಟುಹಾಳೆ ಹಿಡಿಯುತ್ತದೆ. ತೀರಾ ಹೆಚ್ಚಿದ್ದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕದಡಿ ಹಾಕಬಹುದು. ಅದು ಮರಿಗಳನ್ನು ಕೊಲ್ಲುತ್ತದೆ, ಮನುಷ್ಯರಿಗೆ ಅಪಾಯವಿಲ್ಲ.

ಬಿಳಿಪುಡಿ ಬೂದಿರೋಗದ್ದು. ಇತರ ಶಿಲೀಂಧ್ರಗಳಂತೆ ಇದಕ್ಕೆ ಎಲೆಯ ಮೇಲೆ ನೀರು ನಿಂತಿರಬೇಕೆಂದಿಲ್ಲ; ನೆರಳು, ನಿಂತ ಗಾಳಿ ಮತ್ತು ತೇವದ ವಾತಾವರಣ ಇದ್ದರೆ ಸಾಕು. ಒಂದು ಸಣ್ಣ ಫ್ಯಾನನ್ನು ಹುಲ್ಲಿನ ಮಟ್ಟದಲ್ಲಿ ನಿಧಾನವಾಗಿ ತಿರುಗಲು ಬಿಡಿ, ಹಗಲು ಗಾಜಿನ ಕಿಂಡಿಗಳನ್ನು ತೆರೆದಿಡಿ. ಕಿಂಡಿ ತೆರೆಯುವುದರಿಂದ ಇನ್ನೊಂದು ಲಾಭವಿದೆ. ಪೂರ್ತಿ ಮುಚ್ಚಿದ ಹಸಿರುಮನೆಯಲ್ಲಿ ಗಿಡಗಳು ಹಗಲಿನ ಹೊತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ತಿಂದು ಬರಿದಾಗಿಸಿ, ಬೆಳಕಿದ್ದರೂ ಉಣ್ಣಲಾಗದ ಸ್ಥಿತಿಗೆ ಬರುತ್ತವೆ. ಶಿಲೀಂಧ್ರನಾಶಕವನ್ನು ಮಾತ್ರ ಸಿಂಪಡಿಸಬೇಡಿ. ಅದು ನೀವು ಉಸಿರಾಡುವ, ಊಟ ಮಾಡುವ ಮನೆ. ಇಷ್ಟೆಲ್ಲ ಮಾಡಿದ ಮೇಲೂ ಗಾಜಿನಿಂದ ದೂರದ ಭಾಗ ಚೇತರಿಸಿಕೊಳ್ಳದಿದ್ದರೆ, ಅಲ್ಲಿನ ಬೆಳಕು ಹುಲ್ಲಿಗೆ ಸಾಲದೆಂದು ಒಪ್ಪಿಕೊಂಡು ಅದನ್ನು ಕಿತ್ತುಹಾಕುವುದೇ ಮೇಲು.

ಪ್ರಶ್ನೆ: ಬೆಳಕು ಸಾಲದಿದ್ದರೆ ಎಲ್‌ಇಡಿ ದೀಪ ಹಾಕಿದರಾಯಿತಲ್ಲ? ನಮ್ಮಲ್ಲಿ ಸೌರಫಲಕಗಳೂ ಇವೆ.

ಉತ್ತರ: ಆಗುತ್ತದೆ, ಲೆಕ್ಕ ನೋಡಿ ಹಾಕಿ. ಗಿಡಗಳಿಗಾಗಿ ತಯಾರಾದ ಒಳ್ಳೆಯ ಎಲ್‌ಇಡಿ ದೀಪದಿಂದ ಒಂದು ಚದರ ಮೀಟರಿಗೆ ದಿನಕ್ಕೆ 10 ಮೋಲ್ ಬೆಳಕು ಕೊಡಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. ಚದರ ಮೀಟರಿಗೆ 5 ಯೂನಿಟ್‌ನಷ್ಟು ಬಿಸಿಲು ಬೀಳುವ ದಿನ, ನೂರಕ್ಕೆ 20 ಪಾಲು ದಕ್ಷತೆಯ ಸೌರಫಲಕ ಒಂದು ಚದರ ಮೀಟರಿನಿಂದ ಕೊಡುವುದೂ ಸರಿಯಾಗಿ ಒಂದು ಯೂನಿಟ್. ಎಂದರೆ ಒಳಗೆ ಎಷ್ಟು ಹುಲ್ಲಿದೆಯೋ ಛಾವಣಿಯ ಮೇಲೆ ಅಷ್ಟೇ ಅಗಲದ ಫಲಕವನ್ನು ಅದಕ್ಕಾಗಿಯೇ ಮೀಸಲಿಡಬೇಕು. ಮೇಲೆ 37 ಮೋಲ್‌ನಷ್ಟು ಬೆಳಕನ್ನು ಹಿಡಿದು, ಕೆಳಗೆ 10 ಮೋಲ್ ಮಾಡಿ ಸುರಿಯುವ ಈ ವ್ಯಾಪಾರವನ್ನು ಪರಿಸರಸ್ನೇಹಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಮೋಡದ ವಾರಗಳಲ್ಲಿ ಮೂರು ಚದರ ಮೀಟರಿನ ಟ್ರೇಗಳನ್ನು ಕಾಪಾಡಿಕೊಳ್ಳಲು ಬಳಸುವುದಾದರೆ ಅಭ್ಯಂತರವಿಲ್ಲ.

ಪ್ರಶ್ನೆ: ಒಳಗೆ ಹುಲ್ಲಿದ್ದರೆ ಮನೆಯ ಗಾಳಿ ಶುದ್ಧವಾಗುತ್ತದೆ ಎನ್ನುತ್ತಾರೆ, ನಿಜವೆ?

ಉತ್ತರ: ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಮಾತು ಹಬ್ಬಿತು. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ವಾಸದ ಮನೆಯ ಗಾಳಿ ಕಿಟಕಿ ಬಾಗಿಲುಗಳ ಮೂಲಕ ಎಡೆಬಿಡದೆ ಬದಲಾಗುತ್ತಿರುತ್ತದೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ವಿಮರ್ಶೆಯೊಂದರ ಪ್ರಕಾರ, ಸಾಮಾನ್ಯ ಗಾಳಿಯಾಟಕ್ಕೆ ಸರಿಗಟ್ಟಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಕುಂಡಗಳು ಬೇಕಾಗುತ್ತವೆ. ಕಿಟಕಿ ತೆರೆಯಿರಿ.

ಪ್ರಶ್ನೆ: ಗರಿಕೆಯಲ್ಲದೆ ಒಳಗೆ ಒಗ್ಗುವ ಬೇರೆ ಹುಲ್ಲು ಅಥವಾ ನೆಲಹೊದಿಕೆ ಯಾವುದಿದೆ? ಕತ್ತರಿಸುವುದು ಹೇಗೆ?

ಉತ್ತರ: ವಾತಾವರಣ ಬೆಚ್ಚಗಿರುವಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲು ಮತ್ತು ಸೇಂಟ್ ಆಗಸ್ಟಿನ್ ಹುಲ್ಲು, ಗರಿಕೆಗಿಂತ ನೆರಳನ್ನು ಚೆನ್ನಾಗಿ ತಾಳುತ್ತವೆ. ಇವಕ್ಕೆ 27ರಿಂದ 35 ಡಿಗ್ರಿ ಹಿತ. ಕೋಣೆ ವರ್ಷದ ಬಹುಕಾಲ 15ರಿಂದ 24 ಡಿಗ್ರಿಯಲ್ಲಿರುವುದಾದರೆ ಸೂಜಿಯಂಥ ಎಲೆಯ ಫೆಸ್ಕ್ಯೂ ಹುಲ್ಲನ್ನು ಆರಿಸಿ. ಹೊರಗೆ ಹಿಮಗಟ್ಟುವ ಚಳಿಯಿದ್ದು ಟ್ರೇಗಳನ್ನು ಅದಲುಬದಲು ಮಾಡಬೇಕಾದವರಿಗೂ ಇದೇ ಸರಿ. ಬೆಚ್ಚನೆಯ ನಾಡಿನ ಹುಲ್ಲುಗಳು ಆ ಚಳಿಯನ್ನು ತಡೆಯಲಾರವು.

ಕಾಲಿಡದೆ ಕಣ್ಣಿಗಷ್ಟೇ ಹಸಿರು ಸಾಕೆನ್ನುವವರಿಗೆ ಆಯ್ಕೆ ದೊಡ್ಡದು. ಗಾಜಿನಿಂದ ದೂರದ ಮಂದ ಬೆಳಕಿನಲ್ಲಿ ಕುಳ್ಳ ಮಾಂಡೊ ಹುಲ್ಲು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಹೆಸರಿನಲ್ಲಿ ಹುಲ್ಲೆಂದಿದ್ದರೂ ಅದು ಹುಲ್ಲಿನ ಕುಲದ್ದಲ್ಲ, ಕತ್ತರಿಸುವ ಕೆಲಸವೂ ಇಲ್ಲ. ತುಳಿದರೆ ಮಾತ್ರ ಮುನಿಸಿಕೊಳ್ಳುತ್ತದೆ. ನಾಣ್ಯದಂಥ ದುಂಡು ಎಲೆಯ ಡೈಕಾಂಡ್ರಾ ಅರೆನೆರಳಿನಲ್ಲಿ ಹರಡಿ, ಅಪರೂಪದ ಓಡಾಟವನ್ನು ಸಹಿಸುತ್ತದೆ. ನಡೆದಾಡುವ ಸಾಲಿನಲ್ಲಿ ಹೆಜ್ಜೆಗೊಂದು ಚಪ್ಪಡಿ ಕಲ್ಲು ಹಾಕಿ ಸಂದುಗಳಲ್ಲಿ ಇವನ್ನು ನೆಟ್ಟರೆ, ಆ ಕಲ್ಲುಗಳೂ ಬಿಸಿಲನ್ನು ಹಿಡಿದು ಮನೆಯ ಕೆಲಸಕ್ಕೆ ಬರುತ್ತವೆ.

ಕತ್ತರಿಸಲು ಯಂತ್ರ ಬೇಡ, ಉದ್ದ ಹಿಡಿಯ ಕತ್ತರಿ ಸಾಕು. ಹೊರಗಿನ ಹುಲ್ಲಿನಂತೆ ಬೋಳಿಸಬೇಡಿ. ಬೆಳಕು ಕಡಿಮೆಯಿರುವಲ್ಲಿ ಪ್ರತಿಯೊಂದು ಎಲೆಯೂ ಬೇಕು. ಎತ್ತರ 6ರಿಂದ 8 ಸೆಂಟಿಮೀಟರ್ ಉಳಿಯಲಿ, ಒಂದು ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಕತ್ತರಿಸಿದ್ದನ್ನು ಹೊರಗಿನಂತೆ ಅಲ್ಲೇ ಬಿಡದೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ, ಇಲ್ಲವಾದರೆ ನುಸಿಗಳು ಅದರಡಿಯಲ್ಲಿ ಮತ್ತೆ ಮನೆ ಮಾಡುತ್ತವೆ. ಟ್ರೇಗಳನ್ನು ಹೊರಗೊಯ್ದ ದಿನವೇ ಕತ್ತರಿಸಬೇಡಿ. ಹೊಸ ಬಿಸಿಲಿಗೆ ಎಲೆ ಹೊಂದಿಕೊಂಡ ಮೇಲೆ, ಒಳಗೆ ತರುವುದಕ್ಕೆ ಎರಡು ದಿನ ಮೊದಲು ಕತ್ತರಿಸಿದರೆ ಗಾಯ ಒಣಗಿರುತ್ತದೆ.